‘ಅಜ್ಜಿಮನೆ ಬಳಗ’ದಲ್ಲಿ ಕ್ರಿಲ್ ಎಣ್ಣೆ

ರಮೇಶ ಚಿಕ್ಕಪ್ಪ: 🙏ತಪ್ಪದೇ ಓದಿ🙏 ಅಂಟಾರ್ಕ್ಟಿಕಾ ಸಮುದ್ರದ ಕ್ರಿಲ್ ಎಣ್ಣೆ! ಮಂಡಿ ನೋವು ಮಾಯ! ಎಷ್ಟು ಹಿಡಿದರೂ ಮುಗಿಯದ ಆಹಾರ! ಹತ್ತು ಜನರಿಗೆ ಕಳಿಸಿ.

ಶಾರದತ್ತೆ: ಹೌದಾ ರಮೇಶಣ್ಣ? ರೇಟು ಎಷ್ಟಂತೆ?

ಕಿರಣ: ಚಿಕ್ಕಪ್ಪ, ಇದನ್ನು ಹೇಳಿದ್ದು ಯಾರು?

ರಮೇಶ ಚಿಕ್ಕಪ್ಪ: ನಮ್ಮ ಹಳೇ ಆಫೀಸಿನ ಗುಂಪಿನಲ್ಲಿ ಬಂತು. ಅದರಲ್ಲಿ ಡಾಕ್ಟರೂ ಇದ್ದಾರೆ.

ಕಿರಣ: ಡಾಕ್ಟರೇ ಕಳಿಸಿದ್ದಾ, ಇಲ್ಲಾ ಗುಂಪಿನಲ್ಲಿ ಸುಮ್ನೆ ಇದ್ದಾರಾ?

(ನನ್ನ ಪ್ರಶ್ನೆಗೆ ಉತ್ತರ ಇಲ್ಲ. ನೀಲಿ ಟಿಕ್ ಮಾತ್ರ.)

ಕಿರಣ: ಆಸ್ಟ್ರೇಲಿಯಾದಲ್ಲಿ ಮಂಡಿ ಸವೆತದ 262 ಜನರನ್ನು ಪರೀಕ್ಷೆ ಮಾಡಿದ್ದಾರೆ. ಕೆಲವರಿಗೆ ದಿನಾ 2 ಗ್ರಾಂ ಕ್ರಿಲ್ ಎಣ್ಣೆ, ಉಳಿದವರಿಗೆ ಅಡುಗೆ ಎಣ್ಣೆಯಂಥದ್ದು. 24 ವಾರ. ಎರಡೂ ಕಡೆ ನೋವು ಒಂದೇ ಸಮ ಇಳಿಯಿತು. 2024ರಲ್ಲೇ ಪ್ರಕಟವಾಗಿದೆ.

ಶಾರದತ್ತೆ: ಇಳಿಯಿತಲ್ಲ! ಹಾಗಾದರೆ ಒಳ್ಳೆಯದೇ.

ಕಿರಣ: ಅತ್ತೇ... 🤦

ದೊಡ್ಡಪ್ಪ: ನಮ್ಮಮ್ಮ ಎಂಬತ್ತರಲ್ಲೂ ಬಾವಿ ನೀರು ಸೇದುತ್ತಿದ್ದಳು. ಯಾವ ಕ್ಯಾಪ್ಸೂಲ್ ತಿಂದಿದ್ದಳು? ದಿನಾ ನಡೆಯಿರಿ. ಹಿರಿಯರಿಗೆ ಎದುರಾಡುವುದನ್ನೂ ಬಿಡಿ.

ರಮೇಶ ಚಿಕ್ಕಪ್ಪ: ಕೇಳಿದೆಯಾ ಕಿರಣ?

ಕಿರಣ: ಕ್ಯಾಪ್ಸೂಲ್ ಮಾತು ನಿಮಗೇ ಹೇಳಿದ್ದು ಚಿಕ್ಕಪ್ಪ. ಆಯಸ್ಕಾಂತದ ಹಾಸಿಗೆ ನೆನಪಿದೆಯಾ?

ರಮೇಶ ಚಿಕ್ಕಪ್ಪ: ಅದು ಅಣ್ಣನೇ ಕೇಳಿ ತರಿಸಿಕೊಂಡದ್ದು.

ದೊಡ್ಡಪ್ಪ: ನಾನೆಲ್ಲಿ ಕೇಳಿದೆ? ನೀನೇ ತಂದು ಹಾಸಿ, ದುಡ್ಡು ಎಣಿಸಿಕೊಂಡು ಹೋದೆ.

(ಹಾಸಿಗೆ ಈಗಲೂ ದೊಡ್ಡಪ್ಪನ ಅಟ್ಟದಲ್ಲಿದೆ. ನಾನು ಏನೂ ಬರೆಯಲಿಲ್ಲ.)

ವಿನಯ: ಕ್ರಿಲ್ ಅಂದರೆ ನಮ್ಮ ಒಣ ಸಿಗಡಿ ತಾನೇ?

ಕಿರಣ: ನೋಡೋಕೆ ಹಾಗೇ, ಜಾತಿ ಬೇರೆ. ಜಾಸ್ತಿ ಅಂದರೆ 6 ಸೆಂ.ಮೀ. ಸತ್ತ ಕೂಡಲೇ ಅದರ ಹೊಟ್ಟೆಯ ರಸವೇ ಅದನ್ನು ಕರಗಿಸಲು ಶುರುಮಾಡುತ್ತೆ. ಚಿಪ್ಪಿನಲ್ಲಿ ಫ್ಲೋರೈಡ್ ಬೇರೆ ಜಾಸ್ತಿ. ಅದಕ್ಕೇ ಹಡಗಿನಲ್ಲೇ ಬೇಗ ಸಂಸ್ಕರಿಸಬೇಕು. ಸೋವಿಯತ್‌ನವರು ಪೇಸ್ಟ್ ಮಾಡಿ ಜನರಿಗೆ ಮಾರಿ ನೋಡಿದರು, ಹೆಚ್ಚು ಓಡಲಿಲ್ಲ. ಈಗ ಬಹುಪಾಲು ಸಾಕುಮೀನಿನ ಮೇವಿಗೆ ಹೋಗುತ್ತೆ.

ಸುಧಾ: ಅಯ್ಯೋ, ಒಣ ಸಿಗಡಿ ಅಂದ್ರಲ್ಲ! ಅಜ್ಜಿ ತಲೆ, ಬಾಲ ಚಿವುಟಿ, ಕಾವಲಿಯಲ್ಲಿ ಗರಿಗರಿ ಹುರಿದು, ಕಾಯಿ, ಬ್ಯಾಡಗಿ ಮೆಣಸು, ಹುಣಸೆಹಣ್ಣು ಸೇರಿಸಿ ಕಲ್ಲಿನಲ್ಲಿ ತರಿತರಿ ಅರೆಯುತ್ತಿದ್ದಳು. ಕೊನೆಗೆ ಹಸಿ ಈರುಳ್ಳಿ. ಕುಚ್ಚಲಕ್ಕಿ ಗಂಜಿ ಜೊತೆ... 😋

ವಿನಯ: 😋😋

ಶಾರದತ್ತೆ: 😋 ಬೆಳ್ಳುಳ್ಳಿ ಬಿಟ್ಟೆ ನೀನು.

ಕಿರಣ: ಸುಧಕ್ಕ, ನಿನ್ನ ಮಗನಿಗೆ ಸಿಗಡಿ ತಿಂದರೆ ತುಟಿ ಊದುತ್ತೆ ಅಲ್ವಾ? ಅಂಥವರಿಗೆ ಕ್ರಿಲ್ ಕೂಡ ಅಪಾಯ. ಮತ್ತೆ ‘ಮುಗಿಯದ ಆಹಾರ’ ಅನ್ನೋದೂ ಸುಳ್ಳು. ಅಲ್ಲಿ ಹಿಡಿಯಲು ವರ್ಷಕ್ಕೆ 6,20,000 ಟನ್ ಮಿತಿ ಇದೆ. 2025ರಲ್ಲಿ ಮೊದಲ ಸಲ ಅಷ್ಟೂ ಹಿಡಿದಾಯಿತು, ಆಗಸ್ಟ್‌ನಲ್ಲೇ ಬಂದ್ ಮಾಡಿದರು. ತಿಮಿಂಗಿಲ, ಪೆಂಗ್ವಿನ್‌ಗಳಿಗೂ ಅದೇ ಊಟ.

ರಮೇಶ ಚಿಕ್ಕಪ್ಪ: ಪೆಂಗ್ವಿನ್ ಊಟದ ಚಿಂತೆ ನಿನಗೆ. ಅಜ್ಜಿಯ ವರ್ಷಾಂತಿಕದ ಊಟಕ್ಕೆ ಮಾತ್ರ ರಜೆ ಸಿಗಲಿಲ್ಲ.

ಕಿರಣ: ಅದಕ್ಕೂ ಇದಕ್ಕೂ ಏನು ಸಂಬಂಧ ಚಿಕ್ಕಪ್ಪ?

(ಸಂಬಂಧ ಏನೂ ಇಲ್ಲ. ಆದರೂ ಐದು ಜನ 👍 ಒತ್ತಿದರು. 262 ಜನರ ಪರೀಕ್ಷೆಗೆ ಒಂದೂ ಬಿದ್ದಿರಲಿಲ್ಲ.)

ಸುಧಾ: ಅದಿರಲಿ, ಅಜ್ಜಿಯ ಅರೆಯುವ ಕಲ್ಲು ಈಗ ಯಾರ ಮನೆಯಲ್ಲಿದೆ?

ದೊಡ್ಡಪ್ಪ: ಪಾಲಾದ ಮೇಲೆ ನಾನಂತೂ ನೋಡಿಲ್ಲ.

ಶಾರದತ್ತೆ: ನನ್ನನ್ನು ಕೇಳಬೇಡಿ. ನನ್ನ ಹತ್ತಿರ ಇರುವುದು ಗುಂಡು ಮಾತ್ರ.

ರಮೇಶ ಚಿಕ್ಕಪ್ಪ: ಕಲ್ಲು ನಮ್ಮ ಹಿತ್ತಲಲ್ಲಿದೆ. ಕೋಳಿಗೆ ನೀರಿಡುತ್ತೇವೆ.

ಸುಧಾ: ಅಜ್ಜಿ ಕಲ್ಲಲ್ಲಿ ಕೋಳಿಗೆ ನೀರಾ? 😡

ರಮೇಶ ಚಿಕ್ಕಪ್ಪ: ಗುಂಡು ಶಾರದೆ ಹೊತ್ತುಕೊಂಡು ಹೋದಮೇಲೆ ಇನ್ನೇನು ಅರೆಯಲಿ?

ಶಾರದತ್ತೆ: ಅಮ್ಮನೇ ಕೊಟ್ಟದ್ದು. ದೊಡ್ಡಣ್ಣ ಅಲ್ಲೇ ನಿಂತಿದ್ದ, ಕೇಳಿ ಬೇಕಾದರೆ.

ದೊಡ್ಡಪ್ಪ: 🚫 ಈ ಸಂದೇಶವನ್ನು ಅಳಿಸಲಾಗಿದೆ

ವಿನಯ: ದೊಡ್ಡಪ್ಪ, ಅಳಿಸುವ ಮೊದಲೇ ಶಾರದತ್ತೆ ಓದಿಯಾಯಿತು.