ವರ್ಷದ ಓದಿನ ಲೆಕ್ಕ: ಯಾವುದನ್ನು ಒಂದು ಪುಸ್ತಕವೆಂದು ಎಣಿಸಬೇಕು?

ಪ್ರಶ್ನೆ: ವಿನೋಬನಗರದ ಓದುಗಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಲ್ಲಿ ಓದಿದ ಪುಸ್ತಕಗಳ ಲೆಕ್ಕವನ್ನು ಕ್ರಮವಾಗಿ ಬರೆದಿಡಬೇಕೆಂದಿದ್ದೇನೆ. ಬ್ಯಾಂಕಿನ ಕೆಲಸದಲ್ಲಿರುವುದರಿಂದ ಲೆಕ್ಕ ಇಡುವುದು ನನಗೆ ಹೊಸದಲ್ಲ. ಆದರೆ ಅಲ್ಲಿ ಒಂದು ರೂಪಾಯಿ ಇನ್ನೊಂದು ರೂಪಾಯಿಗೆ ಸಮ. ಪುಸ್ತಕಗಳ ವಿಷಯದಲ್ಲಿ ಹಾಗಿಲ್ಲದಿರುವುದರಿಂದ ಮೊದಲ ಸಾಲಿನಲ್ಲಿಯೇ ತೊಡಕು ಎದುರಾಗಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಮಳೆಗಾಲದ ಬಹುಭಾಗ ಹಿಡಿಯಿತು. ಸಾಗರದ ಬಸ್ಸಿನಲ್ಲಿ ಕೈಗೆತ್ತಿಕೊಂಡ ಒಂದು ತೆಳ್ಳಗಿನ ಕವನ ಸಂಕಲನವಾದರೋ ಆನಂದಪುರ ಬರುವುದರೊಳಗೆ ಮುಗಿದಿತ್ತು. ಎರಡನ್ನೂ ‘ಒಂದು’ ಎಂದೇ ಬರೆದರೆ ಲೆಕ್ಕ ನನಗೇ ಒಪ್ಪಿಗೆಯಾಗುವುದಿಲ್ಲ.

ಎರಡು ಸಂಪುಟಗಳಲ್ಲಿ ಬಂದ ಕೃತಿಯನ್ನು ಒಂದೆಂದು ಎಣಿಸಬೇಕೋ ಎರಡೆಂದೋ? ಹಿಂದೆ ಓದಿದ್ದನ್ನು ಈ ವರ್ಷ ಮತ್ತೆ ಓದಿದರೆ ಸೇರಿಸಬಹುದೇ? ಅರ್ಧಕ್ಕೆ ಬಿಟ್ಟದ್ದನ್ನು, ಮಗನಿಗೆ ರಾತ್ರಿ ಓದಿ ಹೇಳುವ ಮಕ್ಕಳ ಪುಸ್ತಕಗಳನ್ನು ಏನು ಮಾಡಬೇಕು? ಇನ್ನೊಂದು ಸಂದೇಹವೆಂದರೆ ವರ್ಷವನ್ನು ಜನವರಿಯಿಂದಲೇ ಹಿಡಿಯಬೇಕೆ ಎಂಬುದು. ಮೊಬೈಲಿನ ಆ್ಯಪ್, ಎಕ್ಸೆಲ್, ನೋಟ್‌ಬುಕ್ ಇವುಗಳಲ್ಲಿ ಯಾವುದು ಬಹುಕಾಲ ಬಾಳುತ್ತದೆ ಎಂಬುದನ್ನೂ ರೂಢಿಯಿರುವವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಗ್ರಂಥಪಾಲಕ, ಸಾಗರ

ಮೇಡಂ, ನಿಮಗೆ ಎದುರಾಗಿರುವ ತೊಡಕು ಗ್ರಂಥಾಲಯಗಳಿಗೆ ಎಂದೋ ಎದುರಾಗಿತ್ತು. ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡುವುದೇ ಅಲ್ಲಿ ಕಂಡುಕೊಂಡ ದಾರಿ. ಹೊಸ ಪುಸ್ತಕ ಬಂದೊಡನೆ ಆಕ್ಸೆಷನ್ ರಿಜಿಸ್ಟರಿನಲ್ಲಿ ಏರುತ್ತದೆ. ಅಲ್ಲಿ ಪ್ರತಿಯೊಂದು ಪ್ರತಿಗೂ, ಪ್ರತಿಯೊಂದು ಸಂಪುಟಕ್ಕೂ ತನ್ನದೇ ಆದ ಕ್ರಮಸಂಖ್ಯೆ ಇರುತ್ತದೆ. ಒಂದೇ ಕಾದಂಬರಿಯ ಮೂರು ಪ್ರತಿಗಳು ಬಂದರೆ ಮೂರು ಸಾಲುಗಳು. ಕ್ಯಾಟಲಾಗಿನಲ್ಲಿ ಮಾತ್ರ ಕೃತಿಯೇ ಮುಖ್ಯ. ಆದ್ದರಿಂದ ‘ಎಷ್ಟು ಸಂಪುಟಗಳಿವೆ’ ಎಂದು ಕೇಳಿದರೆ ಒಂದು ಉತ್ತರ, ‘ಎಷ್ಟು ಶೀರ್ಷಿಕೆಗಳಿವೆ’ ಎಂದು ಕೇಳಿದರೆ ಇನ್ನೊಂದು ಉತ್ತರ ಸಿಗುತ್ತದೆ, ಎರಡರಲ್ಲಿ ಯಾವುದೂ ತಪ್ಪಲ್ಲ. ನೀವೂ ಸಂಪುಟಕ್ಕೊಂದು ಸಾಲು ಬರೆದು, ಪಕ್ಕದ ಕಾಲಂನಲ್ಲಿ ಕೃತಿಯ ಹೆಸರನ್ನು ಒಂದೇ ರೀತಿಯಲ್ಲಿ ಬರೆದರೆ ವರ್ಷದ ಕೊನೆಗೆ ಎರಡೂ ಮೊತ್ತಗಳು ಸಿಗುತ್ತವೆ.

ಪುಸ್ತಕವೆಂದರೆ ಯಾವುದು ಎಂಬುದಕ್ಕೂ ಒಂದು ಅಂತರರಾಷ್ಟ್ರೀಯ ವ್ಯಾಖ್ಯೆ ಇದೆ. ಯುನೆಸ್ಕೊ 1964ರಲ್ಲಿ ಅಂಗೀಕರಿಸಿದ ಶಿಫಾರಸಿನ ಪ್ರಕಾರ, ರಕ್ಷಾಪುಟಗಳನ್ನು ಬಿಟ್ಟು ಕನಿಷ್ಠ 49 ಪುಟಗಳಿರುವ, ನಿಯತಕಾಲಿಕವಲ್ಲದ ಮುದ್ರಿತ ಪ್ರಕಟಣೆ ಪುಸ್ತಕವೆನಿಸುತ್ತದೆ. 5ರಿಂದ 48 ಪುಟಗಳವರೆಗಿನದು ಕಿರುಹೊತ್ತಿಗೆ. ಆದರೆ ಆ ವ್ಯಾಖ್ಯೆ ಹುಟ್ಟಿದ್ದು ಯಾವ ದೇಶದಲ್ಲಿ ಎಷ್ಟು ಪುಸ್ತಕಗಳು ಪ್ರಕಟವಾಗುತ್ತವೆ ಎಂಬ ಅಂಕಿಅಂಶಗಳಿಗಾಗಿಯೇ ಹೊರತು ಓದುವವರಿಗಾಗಿ ಅಲ್ಲ. ಅದನ್ನು ಹಾಗೆಯೇ ಅನುಸರಿಸಿದರೆ ನಮ್ಮ ಎಷ್ಟೋ ಏಕಾಂಕ ನಾಟಕಗಳೂ ಕವನ ಸಂಕಲನಗಳೂ ನಿಮ್ಮ ಮಗನ ಪುಸ್ತಕಗಳಲ್ಲಿ ಬಹುಪಾಲೂ ಲೆಕ್ಕದಿಂದ ಹೊರಗುಳಿಯುತ್ತವೆ. ಅವುಗಳನ್ನು ಹೊರಗಿಡಬೇಡಿ; ಪುಟಗಳ ಸಂಖ್ಯೆಗೆಂದು ಒಂದು ಕಾಲಂ ಇಡಿ, ಸಾಕು. ಕನ್ನಡ ಪುಸ್ತಕಗಳ ಮುದ್ರಣ ವಿವರದ ಪುಟದಲ್ಲಿ ಪುಟಸಂಖ್ಯೆಯ ಜೊತೆಗೆ ಡೆಮಿ 1/8, ಕ್ರೌನ್ 1/8 ಎಂದು ಆಕಾರವನ್ನೂ ಸಾಮಾನ್ಯವಾಗಿ ನಮೂದಿಸುತ್ತಾರೆ. ಕಾಗದ ಎಷ್ಟು ಜಿಎಸ್‌ಎಂ, ಅಂದರೆ ಅದರ ತೂಕವೆಷ್ಟು ಎಂಬುದೂ ಅಲ್ಲಿರುತ್ತದೆ, ಅದು ನಿಮಗೆ ಬೇಕಾಗಿಲ್ಲ. ಆಕಾರ ಮಾತ್ರ ಬೇಕು, ಏಕೆಂದರೆ ಡೆಮಿಯ ಇನ್ನೂರು ಪುಟಗಳಲ್ಲಿ ಕ್ರೌನ್‌ನ ಇನ್ನೂರು ಪುಟಗಳಿಗಿಂತ ಹೆಚ್ಚು ಓದು ಅಡಗಿರುತ್ತದೆ.

ಅರ್ಧಕ್ಕೆ ಬಿಟ್ಟ ಪುಸ್ತಕಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾದದ್ದು. ಗ್ರಂಥಾಲಯದಿಂದ ಒಂದು ಪುಸ್ತಕವನ್ನು ತೆಗೆದುಹಾಕಿದಾಗ ರಿಜಿಸ್ಟರಿನ ಆ ಸಾಲನ್ನು ಅಳಿಸುವುದಿಲ್ಲ, ಆ ಸಂಖ್ಯೆಯನ್ನು ಬೇರೊಂದಕ್ಕೆ ಕೊಡುವುದೂ ಇಲ್ಲ. ಷರಾ ಕಾಲಂನಲ್ಲಿ ಕಾರಣ ಮತ್ತು ದಿನಾಂಕ ಬರೆದು ಬಿಡುತ್ತಾರೆ. ನೀವೂ ಹಾಗೆಯೇ ಎಷ್ಟನೆಯ ಪುಟದಲ್ಲಿ, ಏತಕ್ಕಾಗಿ ಬಿಟ್ಟಿರಿ ಎಂದು ಬರೆಯಿರಿ. ನಾಲ್ಕಾರು ವರ್ಷಗಳ ಷರಾಗಳನ್ನು ಒಟ್ಟಿಗೆ ಓದಿದರೆ ನಿಮ್ಮ ಅಭಿರುಚಿಯ ವಿಷಯದಲ್ಲಿ ಓದಿ ಮುಗಿಸಿದ ಪಟ್ಟಿಯೂ ಹೇಳದಿರುವ ಸಂಗತಿಗಳು ಕಾಣುತ್ತವೆ. ಮರು ಓದನ್ನು ಖಂಡಿತವಾಗಿ ಸೇರಿಸಿ, ‘ಮ’ ಎಂಬ ಗುರುತಿನೊಂದಿಗೆ.

ಉತ್ತರ: ತೋಟದ ಮನೆ, ತೀರ್ಥಹಳ್ಳಿ

ಗ್ರಂಥಪಾಲಕರು ವರ್ಷದ ಪ್ರಶ್ನೆಯನ್ನು ಮುಟ್ಟಿಲ್ಲ. ನಮ್ಮಂಥ ಅಡಿಕೆ ಬೆಳೆಗಾರರಿಗೆ ಮುಖ್ಯವಾದದ್ದು ಅದೇ. ಜನವರಿ ಒಂದರಂದು ಹೊಸ ನೋಟ್‌ಬುಕ್ ತೆರೆಯುವುದು ಪೇಟೆಯವರಿಗೆ ಅನುಕೂಲವಾಗಿರಬಹುದು. ನಮ್ಮಲ್ಲಿ ಆ ಹೊತ್ತಿಗೆ ಅಡಿಕೆ ಗೊನೆಗಳ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಒಟ್ಟಿಗೆ ನಡೆಯುತ್ತಿರುತ್ತವೆ. ರಾತ್ರಿ ಪುಸ್ತಕ ಹಿಡಿದರೆ ಎರಡನೆಯ ಪುಟಕ್ಕೆ ಕಣ್ಣು ಮುಚ್ಚುತ್ತದೆ. ನಿಜವಾದ ಓದು ಆರಂಭವಾಗುವುದು ಮಳೆ ಹಿಡಿದ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಎರಡು ದಿನ ಹೊಳವಾಗಲಿ ಎಂದು ಕಾಯುವ ಆಷಾಢ, ಶ್ರಾವಣಗಳಲ್ಲಿ, ಕರೆಂಟೂ ನೆಟ್‌ವರ್ಕೂ ಇಲ್ಲದ ದಿನಗಳಲ್ಲಿ, ಜಗಲಿಯ ಬೆಳಕಿನಲ್ಲಿ ದೊಡ್ಡ ದೊಡ್ಡ ಕಾದಂಬರಿಗಳು ಮುಗಿಯುತ್ತವೆ. ಆದ್ದರಿಂದ ಜನವರಿಯಿಂದ ಲೆಕ್ಕ ಹಿಡಿದವನ ಪಟ್ಟಿ ಮೊದಲ ತಿಂಗಳುಗಳಲ್ಲಿ ಖಾಲಿಯಾಗಿ ಕಂಡು, ಇದು ತನ್ನಿಂದಾಗುವ ಕೆಲಸವಲ್ಲವೆಂದು ಅವನು ಕೈಬಿಡುವ ಸಂಭವ ಹೆಚ್ಚು. ನಾನು ಯುಗಾದಿಯಿಂದ ಯುಗಾದಿಗೆ ಲೆಕ್ಕ ಇಡುತ್ತೇನೆ. ಆ ಹೊತ್ತಿಗೆ ಅಡಿಕೆಯ ಕೆಲಸ ಒಂದು ಹಂತಕ್ಕೆ ಬಂದಿರುತ್ತದೆ.

ನೋಟ್‌ಬುಕ್ಕಿನ ವಿಷಯದಲ್ಲಿ ಒಂದು ಮಾತು. ಘಟ್ಟದ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಬಾಲ್ ಪೆನ್ನಿನಿಂದಲೋ ಪೆನ್ಸಿಲಿನಿಂದಲೋ ಬರೆದು, ಪುಸ್ತಕವನ್ನು ಅಡುಗೆಮನೆಯ ಕಡೆಯ ಬೆಚ್ಚನೆಯ ಗೂಡಿನಲ್ಲಿ ಇಡಿ.

ಉತ್ತರ: ಹೊಸನಗರದ ಮೇಷ್ಟ್ರು

ತೀರ್ಥಹಳ್ಳಿಯ ಅಣ್ಣನವರ ಮಾತಿನಲ್ಲಿ ಹುರುಳಿದೆಯಾದರೂ ಯುಗಾದಿಯ ಲೆಕ್ಕಕ್ಕೆ ಒಂದು ದೋಷವಿದೆ. ಚಾಂದ್ರಮಾನ ವರ್ಷಗಳು ಸಮವಾಗಿರುವುದಿಲ್ಲ. 2023ರ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು, ಆ ಶೋಭಕೃತ್ ಸಂವತ್ಸರದಲ್ಲಿ ಅಧಿಕ ಶ್ರಾವಣವಿದ್ದುದರಿಂದ ಮುಂದಿನ ಯುಗಾದಿ 2024ರ ಏಪ್ರಿಲ್ 9ಕ್ಕೆ ಬಂತು. ಅಂದರೆ 384 ದಿನಗಳು. ಅದರ ನಂತರದ ಕ್ರೋಧಿ ಸಂವತ್ಸರ 2025ರ ಮಾರ್ಚ್ 30ರ ಯುಗಾದಿಗೆ, 355 ದಿನಗಳಲ್ಲಿ ಮುಗಿಯಿತು. ಸುಮಾರು ಒಂದು ತಿಂಗಳ ವ್ಯತ್ಯಾಸವಿರುವ ಎರಡು ವರ್ಷಗಳ ಮೊತ್ತವನ್ನು ಹೋಲಿಸಿ, ಈ ವರ್ಷ ಓದು ಕಡಿಮೆಯಾಯಿತೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಅದರಲ್ಲಿಯೂ ಹೆಚ್ಚಿಗೆ ಬಂದ ಆ ಮಾಸ ಅಧಿಕ ಶ್ರಾವಣ, ಅವರೇ ಹೇಳಿದಂತೆ ಓದಿನ ಸುಗ್ಗಿಯ ಕಾಲ!

ಇದಕ್ಕೆ ಸುಲಭವಾದ ಪರಿಹಾರವಿದೆ. ಪ್ರತಿ ಸಾಲಿನಲ್ಲಿ ಓದಲು ಆರಂಭಿಸಿದ ದಿನಾಂಕ, ಮುಗಿಸಿದ ದಿನಾಂಕ ಎರಡನ್ನೂ ಬರೆಯಿರಿ. ಪುಸ್ತಕವು ಮುಗಿದ ದಿನಾಂಕದ ವರ್ಷಕ್ಕೆ ಸೇರಲಿ. ದಿನಾಂಕಗಳಿದ್ದರೆ ವರ್ಷವನ್ನು ಆಮೇಲೆ ಎಲ್ಲಿಂದ ಬೇಕಾದರೂ ಕತ್ತರಿಸಿಕೊಳ್ಳಬಹುದು: ಜನವರಿಯಿಂದ, ಯುಗಾದಿಯಿಂದ, ಜೂನ್ ಒಂದರಿಂದ. ಮೊತ್ತವನ್ನು ಮಾತ್ರ ಬರೆದಿಟ್ಟವನಿಗೆ ಈ ಸ್ವಾತಂತ್ರ್ಯವಿಲ್ಲ. ವರ್ಷಾಂತ್ಯದ ಒಂದೇ ಒಂದು ಸಂಖ್ಯೆಗಿಂತ ಸಾಲುಗಳೇ ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿಯೇ.

ಎಕ್ಸೆಲ್ ಬಳಸುವುದಾದರೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಅದರಲ್ಲಿ ಕನ್ನಡದ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೂ ಕ್ರಮ ಕೆಡುತ್ತದೆ. ಆದ್ದರಿಂದ ಯೂನಿಕೋಡ್‌ನಲ್ಲಿಯೇ ಬರೆಯಿರಿ. ಲೇಖಕರ ಹೆಸರಿಗೂ ಒಂದೇ ರೂಪವನ್ನು ಗೊತ್ತುಮಾಡಿಕೊಳ್ಳಿ. ‘ಪೂರ್ಣಚಂದ್ರ ತೇಜಸ್ವಿ’, ‘ಕೆ.ಪಿ. ಪೂರ್ಣಚಂದ್ರ ತೇಜಸ್ವಿ’, ‘ತೇಜಸ್ವಿ’ ಎಂದು ಮೂರು ಬಗೆಯಲ್ಲಿ ಬರೆದರೆ ಯಂತ್ರವು ಅವರನ್ನು ಮೂವರು ಲೇಖಕರೆಂದು ಎಣಿಸುತ್ತದೆ. ಇನಿಷಿಯಲ್ಲುಗಳ ನಡುವೆ ಒಮ್ಮೆ ಜಾಗ ಬಿಟ್ಟು ಒಮ್ಮೆ ಬಿಡದಿದ್ದರೂ ಅದೇ ಗತಿ.

ಮೊದಲ ಮುದ್ರಣದ ವರ್ಷಕ್ಕೂ ಒಂದು ಕಾಲಂ ಇಡುವುದು ಒಳ್ಳೆಯದು. ನಮ್ಮ ಮೇಳಿಗೆಯ ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು 1965ರಲ್ಲಿ; ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 1976ರಲ್ಲಿ. ನಿಮ್ಮ ಕೈಯಲ್ಲಿರುವ ಪ್ರತಿ ಮೊನ್ನೆ ಮೊನ್ನೆ ಮುದ್ರಣವಾದದ್ದಿರಬಹುದು. ಮೂಲ, ಅನುವಾದ ಎರಡನ್ನೂ ಓದಿದರೆ ಎರಡು ಸಾಲು ಬರೆದು, ಎರಡರಲ್ಲಿಯೂ 1965 ಎಂದೇ ನಮೂದಿಸಿ. ಒಂದು ವರ್ಷದ ನಂತರ ಆ ಕಾಲಂ ನೋಡಿದರೆ ನೀವು ಯಾವ ದಶಕದಲ್ಲಿ ವಾಸವಾಗಿದ್ದೀರಿ ಎಂಬುದು ತಿಳಿಯುತ್ತದೆ. ನನ್ನ ಪಟ್ಟಿಯಲ್ಲಿ ನವ್ಯರ ಕಾಲವೇ ತುಂಬಿಕೊಂಡು, ಈಚಿನ ಹತ್ತು ವರ್ಷಗಳ ಕನ್ನಡ ಬಹುಮಟ್ಟಿಗೆ ಬಿಟ್ಟುಹೋಗಿತ್ತು.

ಆ್ಯಪ್‌ಗಳ ಬಗ್ಗೆ: ಗುಡ್‌ರೀಡ್ಸ್ 2007ರಲ್ಲಿ ಆರಂಭವಾಗಿ 2013ರಲ್ಲಿ ಅಮೆಜಾನ್ ಕೈಸೇರಿತು. ಅಂಥ ತಾಣಗಳು ಬಹುಮಟ್ಟಿಗೆ ಐಎಸ್‌ಬಿಎನ್ ಆಧಾರದ ಮೇಲೆ ಪುಸ್ತಕವನ್ನು ಗುರುತಿಸುತ್ತವೆ. ಹಳೆಯ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲದಿರುವುದರಿಂದ ಒಂದೇ ಕೃತಿ ಕನ್ನಡ ಲಿಪಿಯಲ್ಲೊಮ್ಮೆ, ರೋಮನ್ ಲಿಪಿಯಲ್ಲೊಮ್ಮೆ ಕಾಣಿಸಿಕೊಳ್ಳುವುದುಂಟು. ಬಳಸುವುದಾದರೆ ಬಳಸಿ, ಆದರೆ ಆಗಾಗ ಪಟ್ಟಿಯನ್ನು ಇಳಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲಿಯೂ ಇಟ್ಟುಕೊಳ್ಳಿ.

ಉತ್ತರ: ಎಣಿಸದೆ ಓದುವವ, ಭದ್ರಾವತಿ

ಇಷ್ಟು ಕಾಲಂ ತುಂಬಿಸುವ ಹೊತ್ತಿನಲ್ಲಿ ಒಂದು ಕಥೆ ಓದಿ ಮುಗಿಸಬಹುದಲ್ಲವೇ? ವಾರಕ್ಕೊಂದರಂತೆ ವರ್ಷಕ್ಕೆ 52 ಎಂದು ಗುರಿ ಹಾಕಿಕೊಂಡ ಗೆಳೆಯರೊಬ್ಬರು ಡಿಸೆಂಬರ್ ಹತ್ತಿರವಾದಂತೆ ಪುಸ್ತಕದಂಗಡಿಯಲ್ಲಿ ಬೆನ್ನು ನೋಡಿ ತೆಳ್ಳಗಿರುವುದನ್ನೇ ಆರಿಸುವುದನ್ನು ಕಂಡಿದ್ದೇನೆ. ಲೆಕ್ಕ ಇಡಿ, ಬೇಡವೆನ್ನುವುದಿಲ್ಲ. ಗುರಿಯೊಂದನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಪ್ರತಿಕ್ರಿಯೆ: ವಿನೋಬನಗರದ ಓದುಗಿ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದಗಳು. ಭದ್ರಾವತಿಯವರ ಮಾತು ಸರಿ. ಬ್ಯಾಂಕಿನಲ್ಲಿ ಟಾರ್ಗೆಟ್ ಎಂಬುದನ್ನು ನೋಡಿ ನೋಡಿ ಸಾಕಾಗಿರುವ ನನಗೆ ಮನೆಯಲ್ಲಿಯೂ ಅದು ಬೇಕಾಗಿಲ್ಲ. ಕೃತಿ, ಲೇಖಕರು, ಮೊದಲ ಮುದ್ರಣದ ವರ್ಷ, ಪುಟ ಮತ್ತು ಆಕಾರ, ಎರಡು ದಿನಾಂಕಗಳು, ಷರಾ ಎಂದು ಕಾಲಂಗಳನ್ನು ನಿಶ್ಚಯಿಸಿದ್ದೇನೆ. ಪುಸ್ತಕ ಎಲ್ಲಿಂದ ಬಂತು, ಓದಿದ ಮೇಲೆ ಯಾರ ಮನೆಗೆ ಹೋಯಿತು ಎಂಬುದಕ್ಕೂ ಒಂದು ಕಾಲಂ ಸೇರಿಸಿಕೊಂಡಿದ್ದೇನೆ. ಹೋದವು ಹಿಂದಿರುಗುವುದು ಅಪರೂಪವಾಗಿರುವುದರಿಂದ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಮಗನ ಪುಸ್ತಕಗಳಿಗೆ ಅವನ ಹೆಸರಿನಲ್ಲಿಯೇ ಬೇರೆ ಹಾಳೆ ತೆರೆದಿದ್ದೇನೆ.

ಇದನ್ನೆಲ್ಲ ನೋಡಿದ ನಮ್ಮ ಅತ್ತೆಯವರು ತಮಗೂ ಒಂದು ಪಟ್ಟಿ ಬೇಕೆನ್ನುತ್ತಿದ್ದಾರೆ. ಅವರಿಗೆ ಈಗ ಕಣ್ಣು ಮಂಜಾಗಿ ಓದಲಾಗುವುದಿಲ್ಲ. ಹೊಸಹಳ್ಳಿಯ ಕಡೆಯ ಗಮಕ ಕಾರ್ಯಕ್ರಮಗಳಿಗೆ ಹೋಗಿ ಕುಮಾರವ್ಯಾಸನನ್ನು ಕೇಳುತ್ತಾರೆ. ಕೇಳಿದ್ದನ್ನು ಓದಿದ್ದರ ಲೆಕ್ಕಕ್ಕೆ ಸೇರಿಸಬಹುದೇ? ಸೇರಿಸಿದರೆ, ಭಾರತ ಮುಗಿಯಿತೆಂದು ಯಾವಾಗ ಬರೆಯುವುದು?

ಉತ್ತರ: ಹೊಸನಗರದ ಮೇಷ್ಟ್ರು

ಖಂಡಿತವಾಗಿ ಸೇರಿಸಿ. ವಾಚನದ ಜೊತೆಗೆ ವ್ಯಾಖ್ಯಾನವನ್ನೂ ಕೇಳುವ ಅತ್ತೆಯವರಿಗೆ, ಒಬ್ಬರೇ ಕುಳಿತು ಕಣ್ಣಾಡಿಸಿದವರಿಗಿಂತ ಹೆಚ್ಚು ದಕ್ಕಿರುತ್ತದೆ. ಬೇಕಾದರೆ ‘ಕೇಳಿದ್ದು’ ಎಂದು ಗುರುತು ಹಾಕಿ, ಪರ್ವಕ್ಕೊಂದು ಸಾಲು ಕೊಡಿ. ಗಮಕದಲ್ಲಿ ಕಾವ್ಯವನ್ನು ಆದಿಯಿಂದ ಅಂತ್ಯದವರೆಗೆ ಓದದೆ ಪ್ರಸಂಗಗಳನ್ನು ಆರಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ, ಯಾವ ಪ್ರಸಂಗ ಎಂಬುದನ್ನು ಷರಾದಲ್ಲಿ ಬರೆಯಬೇಕು. ಕುಮಾರವ್ಯಾಸನ ಕೃತಿಯಲ್ಲಿರುವುದು ಹತ್ತು ಪರ್ವಗಳು. ಅದು ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಹಾಗಾಗಿ ಹತ್ತು ಸಾಲುಗಳು ತುಂಬಿದ ದಿನ ಕುಮಾರವ್ಯಾಸ ಮುಗಿಯಿತೆಂದು ಧಾರಾಳವಾಗಿ ಬರೆಯಬಹುದು.

ಉತ್ತರ: ನಿವೃತ್ತ ಗ್ರಂಥಪಾಲಕ, ಸಾಗರ

ಹಾಳೆಯನ್ನು ಆರಂಭಿಸುವ ಮೊದಲು ಪುಟಸಂಖ್ಯೆಯ ವಿಷಯದಲ್ಲಿ ಇನ್ನೊಂದು ಮಾತು. ಮುದ್ರಣ ವಿವರದಲ್ಲಿ ‘16+312’ ಎಂದಿದ್ದರೆ ಮೊದಲಿನ ಹದಿನಾರು ಮುನ್ನುಡಿ, ಅರಿಕೆ, ಪರಿವಿಡಿಗಳ ಪುಟಗಳು. ಅವುಗಳನ್ನು ಓದಿದ್ದರೆ ಮಾತ್ರ ಕೂಡಿಸಿ. ಕೆಲವು ಕವನ ಸಂಕಲನಗಳಲ್ಲಿ ಕವಿಗಿಂತ ಮುನ್ನುಡಿಕಾರರೇ ಹೆಚ್ಚು ಪುಟಗಳನ್ನು ಹಿಡಿದಿರುತ್ತಾರೆ. ಅಂಥಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.