ಬಾಡಿಗೆ ಕಾರಿನ ಠೇವಣಿಯಲ್ಲಿ ಟೋಲ್ ಹೆಸರಿನ ಕಡಿತ: ಯಾವುದು ಸರಿ, ಯಾವುದು ಕೇಳಿ ಪಡೆಯುವಂಥದ್ದು?

ಪ್ರಶ್ನೆ (ತುಮಕೂರಿನ ಶಿಕ್ಷಕಿ):
ಸರ್, ನೀವು ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ಕೊಡುವವರು ಎಂದು ತಿಳಿದು ಕೇಳುತ್ತಿದ್ದೇನೆ. ಕಳೆದ ತಿಂಗಳು ಅಪ್ಪ ಅಮ್ಮನನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋಗಲು ಬೆಂಗಳೂರಿನಲ್ಲಿ ಎರಡು ದಿನಕ್ಕೆ ಒಂದು ಕಾರು ತೆಗೆದುಕೊಂಡೆವು. ಶನಿವಾರ ಬೆಳಿಗ್ಗೆ ಆರೂವರೆಗೆ ಹೊರಟು ಭಾನುವಾರ ರಾತ್ರಿ ಎಂಟಕ್ಕೆ ಕೀಲಿ ಒಪ್ಪಿಸಿದೆವು. 5,000 ರೂಪಾಯಿ ಠೇವಣಿ ಕೊಟ್ಟಿದ್ದೆ. ವಾಪಸು ಬಂದದ್ದು 3,720. ಕಾರಣ ಕೇಳಿದರೆ ‘ಟೋಲ್’ ಎಂದು ಒಂದು ಪಟ್ಟಿ ಕಳುಹಿಸಿದರು.

ಪಟ್ಟಿಯಲ್ಲಿ ನಾಲ್ಕು ಸಂಗತಿಗಳು ನನಗೆ ಅರ್ಥವಾಗಲಿಲ್ಲ. ಶನಿವಾರ ಬೆಳಿಗ್ಗೆ ಒಂದೇ ಪ್ಲಾಜಾದಲ್ಲಿ ಏಳು ನಿಮಿಷದ ಅಂತರದಲ್ಲಿ ಎರಡು ಸಲ ಹಣ ಹೋಗಿದೆ. ಹಿರಿಯೂರಿನ ಕಡೆಯ ಒಂದು ಪ್ಲಾಜಾದ ಹೆಸರಿದೆ. ನಾವು ಆ ದಿಕ್ಕಿಗೆ ತಲೆಯನ್ನೂ ಹಾಕಿಲ್ಲ. ಅಲ್ಲಿ ತೋರಿಸಿರುವ ಸಮಯ ಶನಿವಾರ 11.10. ಆ ಹೊತ್ತಿಗೆ ಅಮ್ಮ ಬೇಲೂರಿನಲ್ಲಿ ದರ್ಪಣಸುಂದರಿಯ ಕೆಳಗೆ ಕತ್ತೆತ್ತಿ ನಿಂತಿದ್ದರು, ಫೋಟೋದಲ್ಲೇ ಸಮಯವಿದೆ. ಮೂರನೆಯದು, ಬರುವಾಗಲೂ ಪೂರ್ತಿ ಟೋಲ್ ಹಿಡಿದಿದ್ದಾರೆ. ಮರಳುವಾಗ ಅರ್ಧ ಎಂದು ಭಾವ ಹೇಳುತ್ತಾರೆ. ಕೊನೆಗೆ ‘ಟೋಲ್ ನಿರ್ವಹಣೆ’ ಎಂದು 250 ರೂಪಾಯಿ. ಜಗಳ ಆಡುವ ಸ್ವಭಾವ ನನ್ನದಲ್ಲ. ಆದರೂ ಕೇಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂದು ತಿಳಿಸುತ್ತೀರಾ?

ಉತ್ತರ (ಹನ್ನೊಂದು ವರ್ಷದಿಂದ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ಕೊಡುತ್ತಿರುವವರು):
ಮೇಡಂ, ನಾನೂ ಅದೇ ದಂಧೆಯವನು, ಆದ್ದರಿಂದ ಮೊದಲು ನಮ್ಮವರ ಪರವಾದ ಮಾತನ್ನು ಹೇಳಿಬಿಡುತ್ತೇನೆ. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಮರುಪ್ರಯಾಣಕ್ಕೆ ರಿಯಾಯಿತಿ ಇರುವುದು ನಿಜ, ಆದರೆ ಅದು 24 ಗಂಟೆಯೊಳಗೆ ಅದೇ ದಾರಿಯಲ್ಲಿ ಮರಳಿದರೆ ಮಾತ್ರ. ಆಗ ಎರಡೂ ಕಡೆಗೆ ಸೇರಿ ಒಂದೂವರೆ ಪಾಲು ಕಟ್ಟಿದರೆ ಸಾಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮಾರ್ಚ್‌ನಲ್ಲಿ ಟೋಲ್ ಶುರುವಾದಾಗ ಮೊದಲ ಹಂತಕ್ಕೆ ಕಾರಿಗೆ 135 ರೂಪಾಯಿ ಇತ್ತು, ಅದೇ ದಿನ ಮರಳುವವರಿಗೆ ಒಟ್ಟು 205. ನೀವು ಶನಿವಾರ ಬೆಳಿಗ್ಗೆ ದಾಟಿದ ಪ್ಲಾಜಾವನ್ನು ಭಾನುವಾರ ಸಂಜೆ ದಾಟಿದ್ದೀರಿ. ಪೂರ್ತಿ ಹಣವೇ ಸರಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಹಿರಿಯೂರಿನದು ನಿಮ್ಮದಲ್ಲ, ಬಹುತೇಕ ನಿಮ್ಮ ಹಿಂದಿನ ಗಿರಾಕಿಯದು. ಫಾಸ್ಟ್ಯಾಗ್ ಕಡಿತದಲ್ಲಿ ಎರಡು ಸಮಯಗಳಿರುತ್ತವೆ: ಪ್ಲಾಜಾದಲ್ಲಿ ಯಂತ್ರ ಸ್ಟಿಕ್ಕರನ್ನು ಓದಿದ ಸಮಯ, ಬ್ಯಾಂಕು ಹಣ ಕತ್ತರಿಸಿದ ಸಮಯ. ಸಾಮಾನ್ಯವಾಗಿ ಎರಡಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಆದರೆ ಪ್ಲಾಜಾದ ಸಂಪರ್ಕ ಕೈಕೊಟ್ಟಿದ್ದರೆ ರಾತ್ರಿ ದಾಟಿದ ಗಾಡಿಯ ಹಣ ಮರುದಿನ ಹೋಗುವುದುಂಟು. ನಮ್ಮ ಕಚೇರಿಯ ಹುಡುಗರು ಮೊಬೈಲಿಗೆ ಬಂದ ಸಂದೇಶದ ಸಮಯ ನೋಡಿ, ಆಗ ಗಾಡಿ ಯಾರ ಕೈಯಲ್ಲಿತ್ತೋ ಅವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ನನ್ನ ಕಚೇರಿಯಲ್ಲೂ ಹೀಗಾಗಿ ಒಬ್ಬ ನಿವೃತ್ತ ತಹಶೀಲ್ದಾರರಿಂದ ಬೈಗುಳ ತಿಂದಿದ್ದೇನೆ. ಅಂದಿನಿಂದ ಖಾತೆಯ ವಿವರವನ್ನು ಇಳಿಸಿಕೊಂಡೇ ಲೆಕ್ಕ ಮಾಡುತ್ತೇವೆ. ನೀವೂ ಅದನ್ನೇ ಕೇಳಿ. ಅವರೇ ಟೈಪಿಸಿದ ಪಟ್ಟಿ ಬೇಡ, ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿನ ವಿವರ ಬೇಕು ಎನ್ನಿ.

ಒಂದೇ ಕಡೆ ಎರಡು ಸಲ ಕಡಿತವಾದ ಬಗ್ಗೆ ಒಂದು ಪ್ರಶ್ನೆ: ಅಲ್ಲಿ ಅಡ್ಡಗಂಬ ಒಂದೇ ಸಲಕ್ಕೆ ಎದ್ದಿತೇ?

ಪ್ರಶ್ನೆ ಕೇಳಿದವರು:
ಇಲ್ಲ ಸರ್. ಏಳಲೇ ಇಲ್ಲ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಒಬ್ಬ ಹುಡುಗ ಕೈಯಲ್ಲಿ ಬಂದೂಕಿನಂಥ ಯಂತ್ರ ಹಿಡಿದು ಬಂದು ಗಾಜಿನ ಮೇಲಿನ ಸ್ಟಿಕ್ಕರಿಗೆ ಎರಡು ಮೂರು ಸಲ ತೋರಿಸಿದ. ಅಪ್ಪ ಒಳಗಿನಿಂದ ಬಟ್ಟೆಯಲ್ಲಿ ಗಾಜು ಒರೆಸಿದರು, ಅದರಿಂದ ಏನಾಗುತ್ತದೋ! ಆಮೇಲೆ ಬಿಟ್ಟರು.

ಉತ್ತರ:
ಅಲ್ಲಿಗೆ ಗೊತ್ತಾಯಿತು. ಮೇಲಿನ ಯಂತ್ರವೂ ಓದಿದೆ, ಹುಡುಗನ ಕೈಯಲ್ಲಿದ್ದದ್ದೂ ಓದಿದೆ. ಇದಕ್ಕೆ ಬಾಡಿಗೆ ಕಚೇರಿಯವರನ್ನು ದೂರಿ ಫಲವಿಲ್ಲ, ಹಣ ಅವರ ಖಾತೆಯಿಂದಲೂ ಎರಡು ಸಲ ಹೋಗಿದೆ. ಆದರೆ ಬ್ಯಾಂಕಿಗೆ ದೂರು ಕೊಡಬೇಕಾದವರು ಅವರೇ, ಏಕೆಂದರೆ ಖಾತೆ ಅವರದು. ನೀವು 1033ಕ್ಕೆ ಕರೆ ಮಾಡಿ ಹೇಳಬಹುದು, ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಆದರೂ ಹಣ ಮರಳಿಸುವುದು ಬ್ಯಾಂಕಿನ ದಾರಿಯಲ್ಲೇ.

ಇನ್ನು ಆ 250. ಇದು ಸರ್ಕಾರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಬಾಡಿಗೆ ಕೊಟ್ಟವರು ತಾವೇ ಹಾಕಿಕೊಂಡದ್ದು. ಕರಾರಿನಲ್ಲಿ ಬರೆದಿದ್ದು ನೀವು ಸಹಿ ಹಾಕಿದ್ದರೆ ಮಾತಿಲ್ಲ. ಬರೆದಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಬಿಡಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸಕ್ಕೆ 250 ಕೇಳುವುದು ನಾಚಿಕೆಗೇಡು.

ಮತ್ತೊಬ್ಬ ಸದಸ್ಯರು:
ನನ್ನ ಸ್ವಂತ ಕಾರಿಗೆ 3,000 ರೂಪಾಯಿ ಕೊಟ್ಟು ಮಾಡಿಸಿದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ. ಬಾಡಿಗೆ ಕಾರು ತೆಗೆದುಕೊಂಡಾಗ ನನ್ನ ಸ್ಟಿಕ್ಕರನ್ನು ಕಿತ್ತು ಅದರಲ್ಲಿ ಇಟ್ಟುಕೊಂಡರೆ ಈ ರಗಳೆಯೇ ಇರುವುದಿಲ್ಲವಲ್ಲ?

ಉತ್ತರ:
ದಯವಿಟ್ಟು ಮಾಡಬೇಡಿ. ಆ ಪಾಸ್ 2025ರ ಆಗಸ್ಟ್ 15ರಿಂದ ಬಂದದ್ದು, 200 ಪ್ರಯಾಣ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸ್ವಂತ ಬಳಕೆಯ ಕಾರು, ಜೀಪು, ವ್ಯಾನ್‌ಗಳಿಗೆ ಮಾತ್ರ, ಅದೂ ಯಾವ ಗಾಡಿಯ ನೋಂದಣಿ ಸಂಖ್ಯೆಗೆ ಕೊಟ್ಟಿದೆಯೋ ಅದಕ್ಕೇ. ನಮ್ಮ ಗಾಡಿಗಳ ನಂಬರ್ ಫಲಕ ನೋಡಿ: ಕಪ್ಪು ಫಲಕ, ಹಳದಿ ಅಕ್ಷರ. ಬಾಡಿಗೆ ವಾಹನ ಎಂದು ದೂರದಿಂದಲೇ ಗೊತ್ತಾಗುತ್ತದೆ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಸ್ಟಿಕ್ಕರುಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲೇ ಹೇಳಿದೆ. ಉಳಿಸಲು ಹೋಗಿ ನಿಮ್ಮ ಪಾಸನ್ನೇ ಕಳೆದುಕೊಳ್ಳುತ್ತೀರಿ.

ಇನ್ನೊಬ್ಬರು:
ನಮಗೆ ಉಲ್ಟಾ ಅನುಭವ. ಬಾಡಿಗೆ ಕಾರಿನ ಫಾಸ್ಟ್ಯಾಗ್‌ನಲ್ಲಿ ಹಣವೇ ಇರಲಿಲ್ಲ. ಪ್ಲಾಜಾದಲ್ಲಿ ನಗದು ಕೊಟ್ಟದ್ದಕ್ಕೆ ಎರಡು ಪಟ್ಟು ಕಿತ್ತುಕೊಂಡರು. ಕಚೇರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ.

ಉತ್ತರ:
2025ರ ನವೆಂಬರ್ 15ರಿಂದ ನಿಯಮ ಸ್ವಲ್ಪ ಸಡಿಲವಾಯಿತು. ಫಾಸ್ಟ್ಯಾಗ್ ಕೆಲಸ ಮಾಡದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು ಎಂದು ಆಗ ಮಾಡಿದರು. ನೂರು ರೂಪಾಯಿಯ ಟೋಲ್‌ಗೆ ನಗದಾದರೆ 200, ಯುಪಿಐ ಆದರೆ 125. ಆದ್ದರಿಂದ ಕಿಸೆಯಿಂದ ನೋಟು ತೆಗೆಯುವ ಮೊದಲು ಮೊಬೈಲ್ ತೆಗೆಯಿರಿ. ರಸೀದಿ ಇಟ್ಟುಕೊಂಡಿದ್ದರೆ ಹೆಚ್ಚುವರಿ ಹಣವನ್ನು ಬಾಡಿಗೆಯವರಿಂದ ಕೇಳಿ. ಖಾಲಿ ಫಾಸ್ಟ್ಯಾಗ್ ಇರುವ ಗಾಡಿಯನ್ನು ಕೊಟ್ಟದ್ದು ಅವರ ತಪ್ಪು.

ದಾರಿಯಲ್ಲೇ ಮುಗಿದರೆ ನೀವೇ ಹಣ ಹಾಕಬಹುದು. ಯುಪಿಐ ಆ್ಯಪ್‌ನಲ್ಲಿ ಫಾಸ್ಟ್ಯಾಗ್ ಎಂಬಲ್ಲಿಗೆ ಹೋಗಿ ಬ್ಯಾಂಕಿನ ಹೆಸರು ಆರಿಸಿ ಗಾಡಿ ನಂಬರ್ ಕೊಟ್ಟರೆ ಸಾಕು. ಬೇಕಾದಷ್ಟೇ ಹಾಕಿ, ಉಳಿದದ್ದು ಮಾಲೀಕನ ಪಾಲು!

ನ್ಯೂಜೆರ್ಸಿಯಿಂದ ಒಬ್ಬ ಕನ್ನಡತಿ:
ಇಲ್ಲಿಯ ಕಥೆಯನ್ನೂ ಸೇರಿಸಲೇ? ಅತ್ತೆ ಮಾವ ಬಂದಾಗ ನಯಾಗರಕ್ಕೆ ಹೋಗಲು ದೊಡ್ಡ ಗಾಡಿ ಬಾಡಿಗೆಗೆ ತೆಗೆದುಕೊಂಡಿದ್ದೆವು. ಮುಂಭಾಗದ ಗಾಜಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಅದಕ್ಕೊಂದು ಜಾರುವ ಮುಚ್ಚಳ. ಒಳಗಿರುವುದು ಇ-ಝಡ್‌ಪಾಸ್, ಅಂದರೆ ಇಲ್ಲಿಯ ಫಾಸ್ಟ್ಯಾಗ್. ಮುಚ್ಚಳ ತೆರೆದರೆ ಅದು ಚಾಲೂ ಆದಂತೆ. ಮಗ ‘ಇದೇನಮ್ಮಾ’ ಎಂದು ಜಾರಿಸಿ ನೋಡಿದ, ನಾನೂ ಸುಮ್ಮನಿದ್ದೆ. ನ್ಯೂಯಾರ್ಕ್ ಥ್ರೂವೇ ಎಂಬ ಟೋಲ್ ಹೆದ್ದಾರಿಯಲ್ಲಿ 2020ರ ನವೆಂಬರ್‌ನಿಂದ ನಗದು ಕಟ್ಟುವ ಗೂಡುಗಳೇ ಇಲ್ಲ, ಕಮಾನಿನ ಕೆಳಗೆ ಹಾದು ಹೋಗುವುದಷ್ಟೇ. ಹಾಗಾಗಿ ಟೋಲ್ ಕಟ್ಟಿದ ಅನುಭವವೇ ಆಗಲಿಲ್ಲ. ಮೂರು ವಾರದ ಮೇಲೆ ಕಾರ್ಡಿನಿಂದ ಹಣ ಹೋಯಿತು: ಟೋಲ್ ಒಂದು ಕಡೆ, ಅದರ ಮೇಲೆ ಡಬ್ಬಿಯ ದಿನಬಾಡಿಗೆ. ನಯಾಗರದ ಹೋಟೆಲಿನ ಮುಂದೆ ಗಾಡಿ ಸುಮ್ಮನೆ ನಿಂತಿದ್ದ ದಿನಕ್ಕೂ! ಕರಾರಿನಲ್ಲಿ ಹಾಗೆಯೇ ಬರೆದಿತ್ತಂತೆ. ಈಗ ನಮ್ಮದೇ ಇ-ಝಡ್‌ಪಾಸ್ ಒಯ್ಯುತ್ತೇವೆ. ಬಾಡಿಗೆ ಗಾಡಿಯ ನಂಬರನ್ನು ನಮ್ಮ ಖಾತೆಗೆ ಸೇರಿಸಿ, ಕೀಲಿ ಕೊಟ್ಟ ಕೂಡಲೇ ತೆಗೆಯುತ್ತೇವೆ. ತೆಗೆಯುವುದನ್ನು ಮರೆತರೆ ಮುಂದಿನ ಗಿರಾಕಿಯ ಟೋಲ್ ನಿಮ್ಮ ತಲೆಗೆ.

ಉತ್ತರ:
ನಮ್ಮಲ್ಲಿ ಕೈಯಲ್ಲಿ ಹಿಡಿದರೆ ಕಪ್ಪುಪಟ್ಟಿ, ಅಲ್ಲಿ ಜೊತೆಗೆ ಒಯ್ಯುವುದೇ ಜಾಣತನ! ಬೇಲೂರಿಗೆ ಹೋಗಿದ್ದ ಮೇಡಂ, ನಿಮ್ಮದು ಏನಾಯಿತು?

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ):
ಬ್ಯಾಂಕಿನ ವಿವರ ಕೊಡಲು ಮೊದಲು ನಾಳೆ, ನಾಡಿದ್ದು ಎಂದರು. ಮೂರನೆಯ ಸಲ ಅಪ್ಪನೇ ಫೋನ್ ಮಾಡಿದರು. ಹಿರಿಯೂರಿನದು ಶುಕ್ರವಾರ ರಾತ್ರಿ 10.52ಕ್ಕೆ ಓದಿದ್ದು, ನೀವು ಹೇಳಿದಂತೆಯೇ. ಆ ಹಣ ಅಂದೇ ಬಂತು. 250 ರೂಪಾಯಿ ಕರಾರಿನ ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿತ್ತು, ಕೆಳಗೆ ನನ್ನದೇ ಸಹಿ. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ದಿನವೂ ಹೇಳುವವಳು ನಾನು. ಎರಡು ಸಲ ಹೋದದ್ದಕ್ಕೆ ಬ್ಯಾಂಕಿಗೆ ದೂರು ಕೊಟ್ಟಿದ್ದೇವೆ, ಬಂದಾಗ ಕೊಡುತ್ತೇವೆ ಎಂದಿದ್ದಾರೆ.

ಉತ್ತರ:
ಬಂದರೆ ಅದು ಅವರ ಖಾತೆಗೆ ಬರುತ್ತದೆ, ನಿಮಗೆ ಸುಳಿವೂ ಸಿಗುವುದಿಲ್ಲ. ದೂರಿನ ಸಂಖ್ಯೆಯನ್ನು ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ಕೊಡಲು ತಡಮಾಡಿದರೆ ಅಪ್ಪನ ಕೈಗೆ ಫೋನ್ ಕೊಡಿ.