ಹುಣಸೆ ನೀರಲ್ಲಿ ಗುಳ್ಳೆ ಬಿಟ್ಟ ವಿಯೆಟ್ನಾಂ ನಾಣ್ಯಗಳು: ಗುರುತು ಹಿಡಿಯೋದು ಹೇಗೆ?

ಮೋಟಾರ್ ವೈಂಡರ್, ಸಿರುಗುಪ್ಪ

ಎಲ್ಲರಿಗೂ ನಮಸ್ಕಾರ. ಸಿರುಗುಪ್ಪದಲ್ಲಿ ನನ್ನದೊಂದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ನಾಣ್ಯ ಕೂಡಿಡುವ ಹುಚ್ಚು ಚಿಕ್ಕಂದಿನಿಂದ ಇದೆ. ಆದರೆ ಡಬ್ಬಿಯಲ್ಲಿ ಇದ್ದದ್ದು ತಾತನ ಕಾಲದ ಆಣೆ, ಯುದ್ಧದ ಟೈಮಿನ ತೂತಿನ ಕಾಸು, ಇಷ್ಟೇ. ಹೋದ ತಿಂಗಳು ತಂಗಿ ಗಂಡ ವಿಯೆಟ್ನಾಂ ಟೂರ್ ಹೋಗಿದ್ದರು. ಬರುವಾಗ ನನಗೆ ಅಂತ ಹೋಯಿ ಆನ್ ಊರಿನ ಬೀದಿ ಅಂಗಡಿಯಿಂದ ದಾರಕ್ಕೆ ಪೋಣಿಸಿದ 37 ನಾಣ್ಯ ತಂದರು. ಎಲ್ಲವೂ ದುಂಡಗೆ, ನಡುವೆ ಚೌಕ ತೂತು, ಸುತ್ತ ನಾಲ್ಕು ಅಕ್ಷರ.

ಆಮೇಲೆ ಆದದ್ದನ್ನ ಕೇಳಿದರೆ ನೀವು ಬೈತೀರಿ. ದಾರ ಬಿಚ್ಚಿ ತಟ್ಟೆಯಲ್ಲಿ ಹಾಕಿಟ್ಟು ಅಂಗಡಿಗೆ ಹೋದೆ. ಮರುದಿನ ಅಮಾವಾಸ್ಯೆ. ದೇವರ ಸಾಮಾನು ತಿಕ್ಕೋಕೆ ಅವ್ವ ಹುಣಸೆಹಣ್ಣು ನೆನೆಹಾಕಿದ್ದರು. ಇವಕ್ಕೂ ಕಿಲುಬು ಹಿಡಿದಿದೆ ಅಂತ ಎಲ್ಲವನ್ನೂ ಅದೇ ನೀರಿಗೆ ಸುರಿದುಬಿಟ್ಟಿದ್ದಾರೆ! ರಾತ್ರಿ ಹತ್ತಕ್ಕೆ ಬಂದು ನೋಡಿದರೆ ಹಿತ್ತಾಳೆಯವು ಬುಡದಲ್ಲಿ ಸುಮ್ನೆ ಕೂತಿದ್ದವು. ಐದು ಮಾತ್ರ ಸಣ್ಣ ಸಣ್ಣ ಗುಳ್ಳೆ ಬಿಡುತ್ತಿದ್ದವು. ಎತ್ತಿ ಒರೆಸಿದೆ. ಬೂದು ಬಣ್ಣ, ಮೈಯೆಲ್ಲ ಗುಳಿ. ಒಂದನ್ನು ಎರಡು ಬೆರಳಲ್ಲಿ ಹಿಡಿದದ್ದಷ್ಟೇ, ಚಕ್ಕುಲಿ ಹಾಗೆ ಲಟಕ್ಕಂತ ಎರಡು ತುಂಡಾಯಿತು.

ಫೋನಿನ ಆ್ಯಪ್‌ಗೆ ಫೋಟೋ ಕೊಟ್ಟೆ. 37ಕ್ಕೂ "ಚೀನಾ ನಾಣ್ಯ" ಅಂತ ಒಂದೇ ಮಂತ್ರ. ಹಾಗಾಗಿ ನಾನೇ ಕೂತು ಗುಂಪು ಮಾಡಿದೆ. ಅಕ್ಷರ ಓದಲು ಬರಲ್ಲ, ಆಕಾರ ಹೇಳ್ತೀನಿ.

ಹದಿನಾಲ್ಕರಲ್ಲಿ ತೂತಿನ ಕೆಳಗಿನ ಅಕ್ಷರ ಒಂದೇ: ಅಡ್ಡ ಡಬ್ಬಿ, ಅದರ ನಡುವೆ ಮೇಲಿಂದ ಕೆಳಗೆ ಒಂದು ಕಡ್ಡಿ. ಆರರ ಬೆನ್ನಲ್ಲಿ ತೂತಿನ ಮೇಲೆ ಕೂಡಿಸುವ ಚಿಹ್ನೆ ಇದೆ. ಎರಡರ ಬೆನ್ನಲ್ಲಿ ಎಡಕ್ಕೂ ಬಲಕ್ಕೂ ಬಳ್ಳಿ ಇಳಿದಂತೆ ಏನೋ ಬರಹ. ಬೂದು ಬಣ್ಣದ ಐದರಲ್ಲಿ ಒಂದರ ಮೇಲೆ ಇಂಗ್ಲಿಷ್ ತರದ ಅಕ್ಷರ, 1905 ಅಂತ ಇಸವಿ. ಉಳಿದ ಹತ್ತು ಒಂದಕ್ಕೊಂದು ಸಂಬಂಧ ಇಲ್ಲ.

ತಲೆ ಕೆಟ್ಟದ್ದು ಆ ಹದಿನಾಲ್ಕರಲ್ಲಿ. ತಂತಿ ಗೇಜ್ ನೋಡುವ ಮೈಕ್ರೋಮೀಟರ್ ಕೈಯಲ್ಲೇ ಇದೆ, ಪಕ್ಕದ ಬಂಗಾರದ ಅಂಗಡಿಯಲ್ಲಿ ತಕ್ಕಡಿ ಇದೆ. ದೊಡ್ಡದು 24.2 ಮಿ.ಮೀ., 2.9 ಗ್ರಾಂ. ಚಿಕ್ಕದು 22.7 ಮಿ.ಮೀ., 1.8 ಗ್ರಾಂ. ಅವೇ ನಾಲ್ಕು ಅಕ್ಷರ ಇದ್ದೂ ಇಷ್ಟು ಫರಕ್ ಯಾಕೆ? ಇವೆಲ್ಲ ಬೇರೆ ಬೇರೆ ವೆರೈಟಿನಾ, ಇಲ್ಲಾ ನಕಲಿನಾ? ಚೀನಾದ್ದು ಯಾವುದು, ವಿಯೆಟ್ನಾಂದು ಯಾವುದು ಅಂತ ಹೇಗೆ ಹೇಳೋದು?

ಹಳೇ ದುಡ್ಡು, ರಾಯಚೂರು

ಅಣ್ಣ, ಹುಣಸೆ ನೀರು ಓದಿ ಎದೆ ಧಸಕ್ಕಂತು. ನಾನು ಕೂಡಿಸೋದು ನಿಜಾಮರ ನಾಣ್ಯ. ನಿಮ್ಮ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಿಮ್ಮ ಮನೆಗಳ ಹಳೆ ಡಬ್ಬಿಯಲ್ಲಿ ಬ್ರಿಟಿಷರ ದುಡ್ಡೇ ಜಾಸ್ತಿ. ನಮ್ಮ ಕಡೆ ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿ ಸಿಗುತ್ತೆ. ಅಂಥದ್ದೊಂದಕ್ಕೆ ನಾನು ಚಿಕ್ಕವನಿದ್ದಾಗ ಪಾಲಿಶ್ ಹಚ್ಚಿ ತಿಕ್ಕಿದ್ದೆ. ಇವತ್ತಿಗೂ ಅದು ಅಲ್ಯೂಮಿನಿಯಂ ಚಮಚದ ತರ ಹೊಳೆಯುತ್ತೆ, ಯಾರೂ ಮೂಸಿ ನೋಡಲ್ಲ.

ಚೌಕ ತೂತಿನ ನಾಣ್ಯ ನನಗೆ ಗೊತ್ತಿಲ್ಲ. ಕೊಪ್ಪಳದ ಕ್ಯಾಷಿಯರ್ ಅಕ್ಕಾರು ಇಲ್ಲಿ ಇದ್ದಾರೆ, ಅವರು ನೋಡಲಿ.

ಹಳೇ ಕ್ಯಾಷಿಯರ್, ಕೊಪ್ಪಳ

ಬಂದೆ ಬಂದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿ ರಿಟೈರ್ ಆದವಳು ನಾನು. ಈಗ ಮನೆಯಲ್ಲಿ ಇಂಥ ಕಾಸು ಎಣಿಸ್ತೀನಿ.

ಮೊದಲು ಅವ್ವನ ಮೇಲೆ ಸಿಟ್ಟು ಬಿಡು ತಮ್ಮಾ. ಅವರು ಮಾಡಿದ್ದು ಲೋಹದ ಪರೀಕ್ಷೆ, ಸ್ವಲ್ಪ ದುಬಾರಿ ಆಯ್ತು ಅಷ್ಟೇ. ಗುಳ್ಳೆ ಬಿಟ್ಟವು ಸತುವಿನವು. ಹುಳಿ ಹಿತ್ತಾಳೆಯ ಮೇಲಿನ ಕಿಲುಬು ತಿನ್ನುತ್ತೆ, ಸತುವಾದರೆ ಮೈಯನ್ನೇ ತಿನ್ನುತ್ತೆ. ವಿಯೆಟ್ನಾಂನ ದಕ್ಷಿಣ ಭಾಗ ಆಳುತ್ತಿದ್ದ ನ್ಗುಯೆನ್ ದೊರೆಗಳಿಗೆ ತಾಮ್ರ ಸಿಗೋದು ಕಷ್ಟ ಆಯ್ತು. 1746ರಲ್ಲಿ ಸತುವಿನ ನಾಣ್ಯ ಎರಕ ಹೊಯ್ಯಲು ಶುರು ಮಾಡಿದರು. ಅದೇ ಮನೆತನದವರು 1802ರಿಂದ ಇಡೀ ದೇಶಕ್ಕೆ ರಾಜರಾದ ಮೇಲೂ ಸತು ಬಿಡಲಿಲ್ಲ. ಹಳೇ ಸತು ಹಪ್ಪಳದ ಹಾಗೆ, ಮುಟ್ಟಿದರೆ ಮುರಿಯುತ್ತೆ. ಅದಕ್ಕೇ ಚೆನ್ನಾಗಿ ಉಳಿದವು ಕಮ್ಮಿ.

1905 ಅಂತ ಇರುವುದು ಫ್ರೆಂಚರದ್ದು, ಅದೂ ಸತು. ಆಗ ಉತ್ತರ ವಿಯೆಟ್ನಾಂ ಅವರ ಕೈಯಲ್ಲಿತ್ತು, ಅದನ್ನ ತೊಂಕಿನ್ ಅನ್ನುತ್ತಿದ್ದರು. ಆ ನಾಣ್ಯದ ಬೆಲೆ ಒಂದು ಪಿಯಾಸ್ತ್ರದ (ಅಲ್ಲಿ ಫ್ರೆಂಚರು ನಡೆಸುತ್ತಿದ್ದ ದೊಡ್ಡ ಬೆಳ್ಳಿ ನಾಣ್ಯ) 600ರಲ್ಲಿ ಒಂದು ಪಾಲು. ನೂರೂ ಅಲ್ಲ ಸಾವಿರವೂ ಅಲ್ಲ, 600 ಯಾಕೆ ಅಂತೀಯಾ? ಅಲ್ಲಿ 1439ರಲ್ಲೇ 60 ಕಾಸಿಗೆ ಒಂದು ತಿಯೆನ್ ಅಂತ ಲೆಕ್ಕ ಕಟ್ಟಿದ್ದರು. ಹತ್ತು ತಿಯೆನ್ ಸೇರಿದರೆ ಒಂದು ಕ್ವಾನ್, ಅಂದರೆ 600 ಕಾಸಿನ ಸರ. ಫ್ರೆಂಚರು ಅದೇ ಸರದ ಲೆಕ್ಕಕ್ಕೆ ತಮ್ಮ ನಾಣ್ಯ ಹೊಂದಿಸಿದರು. ನಮ್ಮಲ್ಲಿ 16 ಆಣೆ ಲೆಕ್ಕ ಜನರ ಬಾಯಿಂದ ಎಷ್ಟು ವರ್ಷ ಹೋಗಲಿಲ್ಲ, ಅಲ್ವಾ? ಹಾಗೇ.

ಇನ್ನು ಓದುವ ಕ್ರಮ. ಮೇಲೆ, ಕೆಳಗೆ, ಆಮೇಲೆ ಬಲ, ಕೊನೆಗೆ ಎಡ. ಮೊದಲ ಎರಡು ರಾಜನ ಆಳ್ವಿಕೆಯ ಹೆಸರು. ಕೊನೆಯ ಎರಡು ಸಾಮಾನ್ಯವಾಗಿ "ಥೊಂಗ್ ಬಾವ್", ಅಂದರೆ ಓಡಾಡುವ ಸಂಪತ್ತು.

ಚೀನಾ ಯಾವುದು ಅಂತ ಕೇಳಿದೆ. ತಿರುಗಿಸಿ ನೋಡು. ಬಳ್ಳಿ ಬರಹ ಇರುವ ಆ ಎರಡು ಚೀನಾದ ಚಿಂಗ್ ಮನೆತನದವು. ಅದು ಮಂಚು ಲಿಪಿ. ವಿಯೆಟ್ನಾಂ ಕಾಸಿನ ಬೆನ್ನು ಜಾಸ್ತಿ ಮಟ್ಟಿಗೆ ಬೋಳು. ಇದ್ದರೆ ಒಂದು ಚುಕ್ಕೆ, ಒಂದು ಬಾಲಚಂದ್ರ, ಒಂದೆರಡು ಅಕ್ಷರ. ಒಂದೇ ಸರದಲ್ಲಿ ಎಲ್ಲ ಸೇರಿರೋದಕ್ಕೆ ಆಶ್ಚರ್ಯ ಬೇಡ. ಅಲ್ಲಿನ ಸಂತೆಯಲ್ಲಿ ಚೀನಾದ ಕಾಸೂ ನಡೆಯುತ್ತಿತ್ತು, ಜಪಾನಿನದೂ ನಡೆಯುತ್ತಿತ್ತು. ಜಪಾನಿನ ನಾಗಸಾಕಿಯಲ್ಲಿ 1659ರಿಂದ 1685ರ ತನಕ ಹೊರದೇಶದ ವ್ಯಾಪಾರಕ್ಕೇ ಅಂತ ಕಾಸು ಹೊಯ್ದು ಕಳಿಸಿದರು. ಅದರ ಮೇಲೆ ಹಾಕಿದ್ದು ಆರು ನೂರು ವರ್ಷ ಹಿಂದಿನ ಚೀನಾ ರಾಜನ ಹೆಸರು! ಹೆಸರು ಚೀನಾ, ಮಾಡಿದ್ದು ಜಪಾನ್, ಖರ್ಚಾಗಿದ್ದು ವಿಯೆಟ್ನಾಂ. ನಿನ್ನ ಆ್ಯಪ್ ಪಾಪ ಏನು ಮಾಡೀತು.

ಕೂಡಿಸುವ ಚಿಹ್ನೆ ಅಂದರೆ ಹತ್ತು. ಅದರ ಕೆಳಗೆ, ತೂತಿನ ಆಚೆ, ಕಾಲು ಕತ್ತರಿ ಹಾಕಿ ನಿಂತಂಥ ಅಕ್ಷರ ಇದ್ದರೆ "ಹತ್ತು ಕಾಸು" ಅಂತ ಅರ್ಥ. ವಿಯೆಟ್ನಾಂ ರಾಜ ಥಾನ್ ಥಾಯ್ (1889ರಿಂದ 1907) ಮತ್ತು ಅವನ ಮಗ ಜುಯಿ ತಾನ್ (1907ರಿಂದ 1916) ಕಾಲದಲ್ಲಿ ಇವು ತುಂಬಾ ಬಂದವು.

ಈಗ ನಿನ್ನ ಹದಿನಾಲ್ಕು. ಡಬ್ಬಿ, ನಡುವೆ ಕಡ್ಡಿ ಅಂದರೆ ಆ ಅಕ್ಷರ "ಟ್ರುಂಗ್". ಮೇಲಿನದಕ್ಕೆ ತಲೆ ಮೇಲೆ ಮೂರು ಕವಲು, ಕೆಳಗೆ ಎರಡು ಕಾಲು ಇದ್ದರೆ "ಕ್ವಾಂಗ್". ಕ್ವಾಂಗ್ ಟ್ರುಂಗ್. 1788ರಿಂದ 1792, ನಾಲ್ಕೇ ವರ್ಷ ಆಳಿದ ವಿಯೆಟ್ನಾಂ ರಾಜ. 1789ರ ಹೊಸ ವರ್ಷದ ಹಬ್ಬದ ಹೊತ್ತಿಗೇ ಚೀನಾದ ಸೈನ್ಯವನ್ನು ಹನಾಯ್ ಹತ್ತಿರ ಬಡಿದು ಓಡಿಸಿದ. ಆಳಿದ್ದು ಕಮ್ಮಿ, ಕಾಸು ಮಾತ್ರ ರಾಶಿ ರಾಶಿ. ಇವನ ಹೆಸರು ಗುರುತಿಸೋಕೆ ಎರಡು ನಿಮಿಷ, ಇವನ ವೆರೈಟಿ ಗುರುತಿಸೋಕೆ ನನಗೆ ಎರಡು ವರ್ಷ ಹಿಡಿಯಿತು.

ಹದಿನಾಲ್ಕನ್ನೂ ಬಿಳಿ ಹಾಳೆ ಕೆಳಗಿಟ್ಟು ಪೆನ್ಸಿಲ್ ಉಜ್ಜು. ಫೋಟೋ ಬೇಡ, ಹೊಳಪು ಕಣ್ಣಿಗೆ ಮೋಸ ಮಾಡುತ್ತೆ. ಬಲಗಡೆಯ "ಥೊಂಗ್" ನೋಡು. ಅದರ ಎಡಕ್ಕೆ ದೋಣಿ ತರ ಎಳೆದ ಗೆರೆ ಇದೆಯಲ್ಲ, ಅದರ ಮೇಲೆ ಚುಕ್ಕೆ ಒಂದೋ ಎರಡೋ? ಅಕ್ಷರದ ತಲೆ ಚೌಕವೋ, ಮೂಲೆಯೋ? ಎಡಗಡೆಯ "ಬಾವ್"ಗೆ ಮೇಲೆ ಸೂರು ಇದೆ, ಕೆಳಗೆ ಎರಡು ಕಾಲು. ಕಾಲು ಅಗಲವೋ, ಕೂಡಿಕೊಂಡಿದೆಯೋ? ಬೆನ್ನಿನ ಅಂಚು ದಪ್ಪವೋ, ಅಂಚೇ ಇಲ್ಲವೋ? ಇಷ್ಟು ಬರೆದು ಹಾಕು. ಬಲಗಡೆ "ಥೊಂಗ್" ಬದಲು ಕೈ ಚಾಚಿ ನಿಂತ ಮನುಷ್ಯನ ತರದ ಅಕ್ಷರ ಇದ್ದರೆ ಮೊದಲು ಅದನ್ನ ಹೇಳು. ಅದು "ದಾಯ್ ಬಾವ್", ಬೇರೆ ಜಾತಿ.

ಎರಕದವನು, ಗಂಗಾವತಿ

ಅಕ್ಕಾರ ಮಾತಿಗೆ ನನ್ನದೊಂದು ಸೇರಿಸ್ತೀನಿ. ರೈಸ್ ಮಿಲ್ಲಿನ ಬಿಡಿಭಾಗ ಎರಕ ಹೊಯ್ಯುವ ಕೆಲಸ ನನ್ನದು. ನಾಣ್ಯ ಗೊತ್ತಿಲ್ಲ, ಮರಳು ಗೊತ್ತು.

ಸೈಜ್ ಫರಕ್ ಯಾಕೆ ಅಂದ್ರಿ. ಹಿತ್ತಾಳೆ ಆರಿದಾಗ ಸುಮಾರು ನೂರಕ್ಕೆ ಒಂದೂವರೆ ಪಾಲು ಕುಗ್ಗುತ್ತೆ. ಅದಕ್ಕೇ ನಾವು ಪ್ಯಾಟರ್ನ್, ಅಂದರೆ ಮರಳಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ, ಸ್ವಲ್ಪ ದೊಡ್ಡದು ಮಾಡ್ತೀವಿ. ಯಾರಾದರೂ ಓಡಾಡುವ ಕಾಸನ್ನೇ ಪ್ಯಾಟರ್ನ್ ಮಾಡಿ ಮರಳಲ್ಲಿ ಒತ್ತಿ ಹೊಯ್ದರೆ ಬರೋದು ಚಿಕ್ಕ ಕಾಸು. 24.2 ಇದ್ದದ್ದು 23.8 ಆಗುತ್ತೆ. ಆ ಮರಿಯಿಂದ ಇನ್ನೊಂದು ಮರಿ ತೆಗೆದರೆ ಇನ್ನೂ ಚಿಕ್ಕದು. ಪ್ರತಿ ಸಲ ಅಕ್ಷರದ ಮೂಲೆ ಸವೆದು ಬೆಲ್ಲದ ಅಚ್ಚಿನ ತರ ಮೊಂಡಾಗುತ್ತೆ. ನಿಮ್ಮ 22.7ರ ಅಕ್ಷರ ಮೊಂಡಾಗಿದ್ದರೆ ಅದು ಮರಿಮಗ. ಅಕ್ಷರ ಚೂಪಾಗಿದ್ದರೆ ಪ್ಯಾಟರ್ನೇ ಬೇರೆ, ಅದು ನಿಜವಾದ ವೆರೈಟಿ.

ಅಂಚು ಕೂಡ ನೋಡಿ. ಮರದ ಕೊಂಬೆಗೆ ಕಾಯಿ ಬಿಟ್ಟಂತೆ ಹತ್ತಾರು ಕಾಸು ಒಟ್ಟಿಗೆ ಎರಕ ಆಗುತ್ತಿದ್ದವು. ಮುರಿದು ಬಿಡಿಸಿ, ಚೌಕ ಕಡ್ಡಿಗೆ ಪೋಣಿಸಿ ಅಂಚು ಅರ ಹಾಕುತ್ತಿದ್ದರು. ದುಂಡು ತೂತಾದರೆ ಅರ ಹಾಕುವಾಗ ಕಾಸು ಗಿರಗಿರ ತಿರುಗುತ್ತೆ, ಚೌಕ ಆದರೆ ಅಲ್ಲಾಡಲ್ಲ. ಅಂಚಲ್ಲಿ ಅರದ ಗೆರೆ ಇರಬೇಕು. ಹತ್ತು ಕಾಸಿನ ಅಂಚು, ತೂಕ, ಗುಳಿ ಎಲ್ಲ ಪಡಿಯಚ್ಚು ಒಂದೇ ಆದರೆ ಅದು ಟೂರಿಸ್ಟಿಗೆ ಮಾಡಿದ ಮಾಲು.

ಮೋಟಾರ್ ವೈಂಡರ್, ಸಿರುಗುಪ್ಪ

ಅಕ್ಕಾರೆ, ಎರಕದ ಅಣ್ಣ, ಇಬ್ಬರಿಗೂ ಕೈ ಮುಗಿದೆ. ನಿನ್ನೆ ಕರೆಂಟ್ ಇರಲಿಲ್ಲ, ಅಂಗಡಿಯಲ್ಲಿ ಬೇರೆ ಕೆಲಸ ಇಲ್ಲ. ಹದಿನಾಲ್ಕನ್ನೂ ಉಜ್ಜಿದೆ. ಬಿಲ್ ಪುಸ್ತಕದ ಹಿಂಬದಿ ತುಂಬಿತು.

ಎರಡು ಚುಕ್ಕೆಯವು ಐದು, ಒಂದು ಚುಕ್ಕೆಯವು ಎಂಟು. ಹದಿನಾಲ್ಕನೆಯದರಲ್ಲಿ ಆ ಜಾಗ ಎರಕವೇ ತುಂಬಿಲ್ಲ. ಒಂದು ಚುಕ್ಕೆಯಲ್ಲೂ ಎರಡು ತರ ಇದೆ: ಮೂರರಲ್ಲಿ "ಬಾವ್" ಕಾಲು ಬಾತುಕೋಳಿ ತರ ಅಗಲ, ಐದರಲ್ಲಿ ಕೂಡಿದೆ. ಕೂಡಿದ ಕಾಲಿನವೇ ಎಲ್ಲ ಚಿಕ್ಕ ಸೈಜು, ಅಕ್ಷರವೂ ಮೊಂಡು. ಅಂದರೆ ಅಣ್ಣ ಹೇಳಿದ ಮರಿಮಕ್ಕಳು ಇವೇ ಇರಬೇಕು. ಒಂದರ ಬೆನ್ನಲ್ಲಿ ತೂತಿನ ಮೇಲೆ ಉಗುರಿನಷ್ಟು ಬಾಲಚಂದ್ರ ಸಿಕ್ಕಿತು. ಕಣ್ಣಿಗೆ ಕಂಡೇ ಇರಲಿಲ್ಲ, ಪೆನ್ಸಿಲ್‌ಗೆ ಕಂಡಿತು. ಕೈ ಚಾಚಿದ ಮನುಷ್ಯ ಎಲ್ಲೂ ಇಲ್ಲ.

ಅಂಚಲ್ಲಿ ಅರದ ಗೆರೆ ಹನ್ನೊಂದರಲ್ಲಿ ಸಿಕ್ಕಿತು. ಇನ್ನು ಮೂರು, ದೊಡ್ಡ ಸೈಜಿನವು, ಮೂರೂ 2.9 ಗ್ರಾಂ. ಮೂರರಲ್ಲೂ ಒಂದೇ ಜಾಗದಲ್ಲಿ ಒಂದೇ ಗುಳಿ. ಹುಣಸೆ ನೀರಲ್ಲಿ ಇವುಗಳ ಹಸಿರು ಬಣ್ಣ ಸಿಪ್ಪೆ ತರ ಎದ್ದು ಬಂದಿತ್ತು ಅಂತ ಈಗ ಅವ್ವ ಹೇಳ್ತಿದ್ದಾರೆ. ತಂಗಿ ಗಂಡನಿಗೆ ಹೇಳಿಲ್ಲ, ಪ್ರೀತಿಯಿಂದ ತಂದದ್ದು.

ಮುರಿದ ಸತುವಿನದು ಬಾಕಿ ಇದೆ. ಬೆನ್ನಲ್ಲಿ ಬಲಕ್ಕೂ ಎಡಕ್ಕೂ ಒಂದೊಂದು ಅಕ್ಷರ. ಬಲದ್ದು ಅಡ್ಡಗೆರೆಗೆ ಸಿಕ್ಕಿಸಿದ ಕುಡುಗೋಲಿನ ತರ ಇದೆ. ಎಡದ್ದು ಗುಳಿ ಬಿದ್ದು ಅರ್ಧ ಹೋಗಿದೆ.

ಹಳೇ ಕ್ಯಾಷಿಯರ್, ಕೊಪ್ಪಳ

ಶಭಾಷ್. ಆ ಮೂರು ನಕಲಿಯನ್ನ ಎಸೀಬೇಡ, ಬೇರೆ ಡಬ್ಬಿಯಲ್ಲಿಡು. ಮುಂದೆ ಹೊಸದು ಕೊಳ್ಳುವಾಗ ಪಕ್ಕಕ್ಕಿಟ್ಟು ನೋಡೋಕೆ ಬೇಕು. ನನ್ನ ಹತ್ತಿರ ಅಂಥವು ನಲವತ್ತು ಇವೆ, ದುಡ್ಡು ಕೊಟ್ಟು ಕಲಿತದ್ದು.

ಕುಡುಗೋಲು ಅಂದರೆ ಏಳು. ಪಕ್ಕದ್ದು "ಫನ್", ಅದು ತೂಕದ ಅಳತೆ. ಏಳು ಫನ್. ಅದು ಜಾ ಲಾಂಗ್ ರಾಜನ ಸತುವಿನ ಕಾಸು, 1802ರಿಂದ 1820ರ ಆಳ್ವಿಕೆ. ಇಷ್ಟು ತೂಕ ಇದೆ ಅಂತ ಕಾಸಿನ ಬೆನ್ನ ಮೇಲೇ ಬರೆಸಿದ್ದ. ನಮ್ಮ ಲೆಕ್ಕದಲ್ಲಿ ಸುಮಾರು 2.6 ಗ್ರಾಂ. ತುಂಡು ಎರಡನ್ನೂ ಕೂಡಿಸಿ ತೂಗು ನೋಡೋಣ.

ಮತ್ತೆ ಆ ಉಳಿದ ಹತ್ತನ್ನೂ ಉಜ್ಜಿ ಹಾಕು. ಅದರಲ್ಲಿ ಕಾನ್ ಹುಂಗ್ ಅನ್ನೋ ವಿಯೆಟ್ನಾಂ ರಾಜನ ಕಾಸು ಇದ್ದರೆ ನಿನಗೆ ನಿದ್ದೆ ಇಲ್ಲ. 1740ರಿಂದ 1786, ನಲವತ್ತಾರು ವರ್ಷದ ಆಳ್ವಿಕೆ. ಅವನ ಕಾಸಲ್ಲಿ ಬಲಗಡೆಯ ಅಕ್ಷರವೇ ಹತ್ತು ಹನ್ನೆರಡು ತರ ಬದಲಾಗುತ್ತೆ.

ಮೋಟಾರ್ ವೈಂಡರ್, ಸಿರುಗುಪ್ಪ

ತೂಗಿದೆ ಅಕ್ಕಾರೆ. ಎರಡು ತುಂಡು, ಜೊತೆಗೆ ತಟ್ಟೆಯಲ್ಲಿ ಉದುರಿದ್ದ ಪುಡಿ ಸೇರಿ 2.1 ಗ್ರಾಂ. ಬಂಗಾರದ ಅಂಗಡಿಯವರು "ಸವಕಳಿ ಜಾಸ್ತಿ ಅಣ್ಣ" ಅಂದರು. ಅವ್ವನಿಗೆ ಹೇಳಿದೆ. "ಅರ್ಧ ಗ್ರಾಂಗೆ ಇಷ್ಟು ಮಾತಾ" ಅಂದು ಒಳಗೆ ಹೋದರು. ಹುಣಸೆ ಡಬ್ಬಿ ಮಾತ್ರ ಈಗ ಅಟ್ಟದ ಮೇಲಿದೆ.

ಉಳಿದ ಹತ್ತರ ಪೆನ್ಸಿಲ್ ಉಜ್ಜು ಭಾನುವಾರ ಹಾಕ್ತೀನಿ.